ಸೀಮಂತಕ್ಕೂ ಮುಂಚಿನ ಊಟ



ಬಸುರಿಗೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಯಸಿದ್ದನ್ನೆಲ್ಲ ಮಾಡಿ ಬಡಿಸುವುದು ನಮ್ಮ ಕಡೆ ಸಾಮಾನ್ಯವಾಗಿ ಏಳನೆಯ ತಿಂಗಳಲ್ಲಿ. ಆ ಅಕ್ಕರೆ ದೊಡ್ಡದು, ನಿಜ. ಆದರೆ ಮಗುವಿನ ಮಿದುಳು ಅಲ್ಲಿಯವರೆಗೆ ಕಾದಿರುವುದಿಲ್ಲ. ಗರ್ಭ ನಿಂತ ಮೂರನೆಯ ವಾರದಲ್ಲೇ ಭ್ರೂಣದ ಬೆನ್ನಿನ ಮೇಲೆ ಜೀವಕೋಶಗಳ ಒಂದು ತೆಳು ಪದರ ಮೂಡುತ್ತದೆ. ಅದರ ಎರಡು ಅಂಚುಗಳು ಮೇಲೆದ್ದು, ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ ಬಾಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದೇ ನರಕೊಳವೆ. ಇದರ ಮೇಲುಭಾಗ ಮಿದುಳಾಗಿ ಬೆಳೆಯುತ್ತದೆ, ಉಳಿದದ್ದು ಬೆನ್ನುಹುರಿ. ಸುಮಾರು 28ನೆಯ ದಿನಕ್ಕೆ ಕೊಳವೆ ಮುಚ್ಚಿಕೊಂಡಿರಬೇಕು. ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ಊನದೊಂದಿಗೆ ಹುಟ್ಟಬಹುದು. ಕೆಲವೊಮ್ಮೆ ಮಿದುಳೇ ಬೆಳೆಯದೆ ಹೋಗಬಹುದು. ಆ ಹೊತ್ತಿಗೆ ತಾಯಿಗೆ ಮುಟ್ಟು ನಿಂತು ಎರಡು ವಾರವಾಗಿರುತ್ತದೆ, ಅಷ್ಟೆ. ಎಷ್ಟೋ ಮಂದಿ ಇನ್ನೂ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ.

ಈ ಕೊಳವೆ ಮುಚ್ಚಲು ಬೇಕಾದ ಮುಖ್ಯ ಪೋಷಕಾಂಶ ಫೋಲೇಟ್. ಅದರ ಕಥೆ ಶುರುವಾದದ್ದು ನಮ್ಮ ದೇಶದಲ್ಲೇ, ಹಸಿದ ಬಸುರಿಯರ ನಡುವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಾದಾಗ ತೀವ್ರ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಕಾರಣ ಸೋಂಕಲ್ಲ, ಊಟ ಎಂದು ವಿಲ್ಸ್ ಕಂಡುಕೊಂಡರು. ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದಾಗ ಅದರೊಳಗಿನ ವಸ್ತು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲೆ ಔಷಧ ಸಂಸ್ಥೆಯ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹಿಂದಿನ ಹೆರಿಗೆಯಲ್ಲಿ ನರಕೊಳವೆಯ ಊನವಿದ್ದ ಮಗುವನ್ನು ಹೆತ್ತ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದ ಫಲಿತಾಂಶ 1991ರಲ್ಲಿ ಹೊರಬಂತು. ಆ ಊನ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗಿತ್ತು. ಇಷ್ಟು ಖಚಿತವಾದ ಉತ್ತರ ಪೋಷಣಾ ವಿಜ್ಞಾನದಲ್ಲಿ ಅಪರೂಪ.

ಕೊಳವೆ ಮುಚ್ಚಿದ ಮೇಲೆ ಏನು? ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಮೈಸೂರಿನವರೂ ಇದ್ದಾರೆ. 1997–98ರಲ್ಲಿ ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ತೋರಿಸಿಕೊಳ್ಳಲು ಬರುತ್ತಿದ್ದ ಬಸುರಿಯರ ರಕ್ತವನ್ನು ಪರೀಕ್ಷೆಗೆಂದು ತೆಗೆದಿಟ್ಟರು. ಮಕ್ಕಳಿಗೆ 9–10 ವರ್ಷ ತುಂಬಿದಾಗ ಐನೂರಕ್ಕೂ ಹೆಚ್ಚು ಮಂದಿಗೆ ನೆನಪು, ಗಮನ, ಕಲಿಕೆಯ ಪರೀಕ್ಷೆ ಮಾಡಿದರು. ಬಸುರಿನಲ್ಲಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಸರಾಸರಿಯಲ್ಲಿ ಮುಂದಿದ್ದರು. ತಾಯಿಯ ಓದು, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಹಾಗೆಂದು ಇದೊಂದರಿಂದಲೇ ಫೋಲೇಟ್ ಬುದ್ಧಿ ಕೊಡುತ್ತದೆ ಎನ್ನಲಾಗದು. ಅದೇ ತಾಯಂದಿರಲ್ಲಿ ಶೇ. 43ರಷ್ಟು ಮಂದಿಗೆ ವಿಟಮಿನ್ ಬಿ12 ಕಡಿಮೆಯಿತ್ತು. ಆ ಕೊರತೆಗೂ ಮಕ್ಕಳ ಅಂಕಗಳಿಗೂ ಮೈಸೂರಿನಲ್ಲಿ ಸಂಬಂಧ ಕಾಣಲಿಲ್ಲ. ಮುಂದೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬಸುರಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ನೋಡಿದರು. ಒಂಬತ್ತು ತಿಂಗಳ ವಯಸ್ಸಿನಲ್ಲಿ ಅವರ ಮಕ್ಕಳಿಗೂ ಬಿ12 ಪಡೆಯದವರ ಮಕ್ಕಳಿಗೂ ವ್ಯತ್ಯಾಸವಿರಲಿಲ್ಲ. ಎರಡೂವರೆ ವರ್ಷಕ್ಕೆ ಬಿ12 ಪಡೆದ ತಾಯಂದಿರ ಮಕ್ಕಳು ಮಾತನಾಡುವುದರಲ್ಲಿ ಮುಂದಿದ್ದರು. ಇದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಬಿ12 ಸೊಪ್ಪು, ಕಾಳು, ರಾಗಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಬರಬೇಕು. ನೀರು ಮಜ್ಜಿಗೆಯಲ್ಲೇ ಊಟ ಮುಗಿಸುವ ಸಸ್ಯಾಹಾರಿ ಬಸುರಿ ತನಗೆ ಬಿ12 ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಅಯೋಡಿನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಗುವಿನ ಥೈರಾಯ್ಡ್ ಬಸುರಿನ ನಡುಭಾಗದವರೆಗೆ ಸಾಕಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿಯತನಕ ಮಿದುಳಿಗೆ ಬೇಕಾದ ಹಾರ್ಮೋನು ತಾಯಿಯದೇ. ಆ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು, ಅದಕ್ಕೇ ಅಯೋಡಿನ್ ಉಪ್ಪು. ಅಯೋಡಿನ್ ಕಡಿಮೆಯಾಗದಂತೆ ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿಡಿ, ಒಲೆಯ ಪಕ್ಕ ಇಡಬೇಡಿ.

ಅಡುಗೆಮನೆಯ ಇನ್ನೊಂದು ಮಾತು. ಫೋಲೇಟ್ ನೀರಿನಲ್ಲಿ ಕರಗುತ್ತದೆ. ದಂಟಿನ ಸೊಪ್ಪನ್ನೋ ಹೆಸರುಕಾಳನ್ನೋ ಬೇಯಿಸಿ ನೀರು ಚೆಲ್ಲಿದರೆ ಅದರ ಜೊತೆಗೆ ಫೋಲೇಟೂ ಹೋಗುತ್ತದೆ. ನಮ್ಮ ಬಸ್ಸಾರು ಮಾಡುವವರು ಬಸಿದ ಕಟ್ಟನ್ನು ಚೆಲ್ಲುವುದಿಲ್ಲ. ಖಾರ ರುಬ್ಬಿ ಅದಕ್ಕೇ ಸೇರಿಸಿ ಸಾರು ಕುದಿಸುತ್ತಾರೆ, ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಕಾವಿಗೆ ಒಂದಷ್ಟು ಹಾಳಾದರೂ ನೀರಿಗೆ ಇಳಿದದ್ದು ತಟ್ಟೆಗೆ ಬರುತ್ತದೆ. ಆದರೆ ಆ ಪಲ್ಯ ಗಂಡಸರ, ಮಕ್ಕಳ ತಟ್ಟೆಗೆ ಬಿದ್ದ ಮೇಲೆ ಸೊಸೆಗೆ ಉಳಿಯುವುದೆಷ್ಟು? ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂದು ಬಸುರಿಯ ಊಟ ಕಡಿಮೆ ಮಾಡಿಸುವ ಮನೆಗಳು ಇಂದಿಗೂ ಇವೆ. ಮಗುವಿಗೆ ಏನಾದರೂ ಆದರೆ ಮಾತ್ರ ಅದೇ ಮನೆಯವರು ದೂರುವುದು ತಾಯಿಯನ್ನು. ಇದು ಅನ್ಯಾಯ. ತನಗೆ ಬಡಿಸಿಕೊಳ್ಳುವ ಹಕ್ಕೇ ಇಲ್ಲದವಳ ತಟ್ಟೆಗೆ ಅವಳನ್ನು ಹೊಣೆ ಮಾಡಲಾಗದು.

ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ, ಹಾಲು, ಮೊಟ್ಟೆ ಕೊಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಅದು ಸಿಗುವುದು ಬಸುರಿ ಎಂದು ಗೊತ್ತಾಗಿ ಹೆಸರು ಬರೆಸಿದ ಮೇಲೆ. ಸರ್ಕಾರ ಕೊಡುವ ಕಬ್ಬಿಣ–ಫೋಲಿಕ್ ಆಮ್ಲದ ದಿನದ ಮಾತ್ರೆ ಶುರುವಾಗುವುದೂ ನಾಲ್ಕನೆಯ ತಿಂಗಳಿಂದ. ಅದು ರಕ್ತಕ್ಕೆ ಬೇಕೇ ಬೇಕು, ಆದರೆ ಆಗ ನರಕೊಳವೆ ಮುಚ್ಚಿ ಎರಡು ತಿಂಗಳು ಕಳೆದಿರುತ್ತದೆ.

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣ–ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ಮಗಳು ಎಸೆಯದೆ ನುಂಗುತ್ತಾಳೆಯೇ ಎಂದು ವಿಚಾರಿಸಿ. ಮನೆಯಲ್ಲಿ ಮದುವೆ ಗೊತ್ತಾದಾಗ ಸೀರೆ, ಛತ್ರದ ಓಡಾಟದ ನಡುವೆ ಹುಡುಗಿಯನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಯಾವಾಗಿನಿಂದ ತೆಗೆದುಕೊಳ್ಳಬೇಕೆಂದು ಕೇಳಿ. ಮೂರ್ಛೆರೋಗಕ್ಕೆ ಔಷಧಿ ತೆಗೆದುಕೊಳ್ಳುವವರಾದರೆ ಅದನ್ನೂ ಮೊದಲೇ ಹೇಳಿ, ಅವರಿಗೆ ಪ್ರಮಾಣ ಬೇರೆಯಾಗಬಹುದು. ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಸೊಸೆಯನ್ನೂ ನಿಮ್ಮ ಜೊತೆಗೇ ಊಟಕ್ಕೆ ಕೂರಿಸಿಕೊಳ್ಳಿ.