ಅವ್ವನ ಗಿಟಾರಿಗೊಂದು ಬಾರ್

ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಹವಾಯಿಯನ್ ಗಿಟಾರನ್ನು ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಬ್ರಿಜ್ ಭೂಷಣ್ ಕಾಬ್ರಾ ಅವರು ಅದರಲ್ಲಿ ರಾಗವನ್ನೇ ಬಿಡಿಸಿಟ್ಟರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರ್, ಬಾನ್ಸುರಿಗಳ ಜೊತೆ ಕೇಳಿಸುವುದು ಅವರ ಗಿಟಾರೇ. ಆ ಉಕ್ಕಿನ ತುಂಡಿಗೆ ಬಾರ್ ಅನ್ನುತ್ತಾರೆ. ನಗಬೇಡಿ, ಇದು ಬೇರೆ ಬಾರ್! ನಮ್ಮ ಗೋಟುವಾದ್ಯದವರು ಹಿಡಿಯುವ ಮರದ ಅಥವಾ ಕೊಂಬಿನ ತುಂಡಿನ ದಾಯಾದಿ ಅನ್ನಿ.

ಧಾರವಾಡದಲ್ಲಿ ಕಲಿತ ನಮ್ಮ ಅವ್ವ ಮದುವೆಯಾಗಿ ಮುಂಬಯಿಗೆ ಬರುವಾಗ ಗಿಟಾರನ್ನೂ ತಂದಿದ್ದಳು. ಎರಡು ವರ್ಷದ ಹಿಂದೆ ಬಿದ್ದು ಎಡ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಬರಲಿಲ್ಲ. ಹಳೆಯ ಬಾರನ್ನು ಐದು ನಿಮಿಷ ಹಿಡಿದರೆ ಕೈ ನಡುಗುತ್ತಿತ್ತು. ಗಿಟಾರು ಅಟ್ಟ ಸೇರಿತು. ಹಗುರವಾದುದೊಂದನ್ನು ನಾನೇ ಮಾಡೋಣವೆಂದು ಹೊರಟೆ.

ಮೊದಲು ನಲ್ಲಿಯ ಜಿ.ಐ. ಪೈಪಿನ ತುಂಡು ಕತ್ತರಿಸಿದೆ. ಹಗುರವೇನೋ ಹೌದು, ನಾದವೂ ಹಗುರ. ಮೇಲಿನ ಸತುವಿನ ಲೇಪ ಒರಟಾಗಿ ತಂತಿಯ ಮೇಲೆ ಕರಕರ ಅಂದಿತು. ಇಲ್ಲಿ ತಂತಿಯ ಮೇಲೆ ಕೂರಬೇಕಾದ್ದು ಬಾರಿನ ತೂಕ. ಅದು ತೀರ ಕಡಿಮೆಯಾದರೆ ಕೈಯೇ ಒತ್ತಬೇಕು, ನೋವಿನ ಮೂಲ ಅಲ್ಲೇ.

ಆಮೇಲೆ ಲೆಕ್ಕ ಹಾಕಿದೆ. ಹಳೆಯದು 19 ಮಿ.ಮೀ. ದಪ್ಪ, 75 ಮಿ.ಮೀ. ಉದ್ದದ ಗಟ್ಟಿ ಉಕ್ಕು, ಸುಮಾರು 170 ಗ್ರಾಂ. ಅದೇ ಉದ್ದದಲ್ಲಿ ದಪ್ಪ 16 ಮಿ.ಮೀ. ಆದರೆ 120 ಗ್ರಾಂ. ಆರು ತಂತಿಗಳೇ ಸುಮಾರು ಎರಡು ಅಂಗುಲ ಹಿಡಿಯುವುದರಿಂದ ಉದ್ದ ಕತ್ತರಿಸುವಂತಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ರಾಡನ್ನೇ ಕೇಳಿ. ಸಾದಾ ಕಬ್ಬಿಣ ಕೈಬೆವರಿಗೆ ತುಕ್ಕು ಹಿಡಿಯುತ್ತದೆ. ನನಗೆ ನಾಗದೇವಿ ಸ್ಟ್ರೀಟಿನಲ್ಲಿ ಸಿಕ್ಕಿತು. ಹೈದರಾಬಾದಿನವರು ರಾಣಿಗಂಜ್‌ನಲ್ಲಿ, ದಿಲ್ಲಿಯವರು ಚಾವಡಿ ಬಜಾರಿನಲ್ಲಿ ವಿಚಾರಿಸಿ. ಲೇತ್ ಅಂಗಡಿಯಲ್ಲಿ ಒಂದು ತುದಿಯನ್ನು ಅರ್ಧಗೋಲವಾಗಿ ಮಾಡಿಸಿ. ಇನ್ನೊಂದು ಚಪ್ಪಟೆ ಇರಲಿ, ಹೆಬ್ಬೆರಳು ಕೂರಲು ಅದರಲ್ಲೊಂದು ಸಣ್ಣ ಗುಳಿ.

ಪಾಲಿಶ್‌ನಲ್ಲಿ ನಾನು ಎಡವಿದೆ. ಮನೆಯಲ್ಲಿ ಕೂತು ಉದ್ದುದ್ದಕ್ಕೆ ಉಜ್ಜಿದೆ. ಉದ್ದಕ್ಕೆ ಬಿದ್ದ ಗೀರು ತಂತಿಗೆ ಅಡ್ಡವಾಗುತ್ತದೆ, ಜಾರಿಸಿದಾಗ ಗರಗಸದಂತೆ ಸದ್ದು ಮಾಡುತ್ತದೆ. ಸುತ್ತಲೂ ಬಂದ ಗೆರೆ ಅಷ್ಟು ಕಾಡದು. ಆದ್ದರಿಂದ ರಾಡ್ ಲೇತ್‌ನಲ್ಲಿ ತಿರುಗುವಾಗಲೇ ಲೇತಿನವರಿಂದ 220, 400, 800, 1200 ನಂಬರಿನ ವಾಟರ್ ಪೇಪರ್ ಕ್ರಮವಾಗಿ ಹಿಡಿಸಿ. ಹಿಂದಿನ ಕಾಗದದ ಗೆರೆ ಪೂರ್ತಿ ಅಳಿದ ಮೇಲೆಯೇ ಮುಂದಿನದು. ಕೊನೆಗೆ ಬ್ರಾಸೋ. ಆಮೇಲೆ ಬಾರನ್ನು ಕನ್ನಡಿಯ ಮೇಲಿಟ್ಟು ದೀಪದೆದುರು ನೋಡಿ. ನಡುವೆ ಬೆಳಕು ನುಸುಳಿದರೆ ಅಲ್ಲಿ ಸವೆದಿದೆ, ನಡುವಿನ ತಂತಿಗಳು ಜಿರ್ರೆನ್ನುತ್ತವೆ. ನನ್ನ ಮೊದಲ ರಾಡು ಹಾಗೆಯೇ ಹಾಳಾಯಿತು.

ಎರಡನೆಯದನ್ನು ಅವ್ವನ ಕೈಗಿಟ್ಟೆ. ಫ್ರೆಟ್ ಗೆರೆಯ ನೇರಕ್ಕೆ ಇಟ್ಟಳು, ಒಮ್ಮೆ ಮೀಟಿ ಕಣ್ಣು ಮುಚ್ಚಿದಳು. ಈಗ ದಿನಾ ಹದಿನೈದು ನಿಮಿಷ ನುಡಿಸುತ್ತಾಳೆ. ಅದಕ್ಕಿಂತ ಹೆಚ್ಚಾದರೆ ಕೈ ಬೇಡವೆನ್ನುತ್ತದೆ. ಮೊನ್ನೆ ನಾನೂ ಜಾರಿಸಿ ನೋಡಿದೆ. ಅಡುಗೆಮನೆಯಿಂದಲೇ ಕೂಗಿದಳು: “ಬಾರಿನ ಹಿಂದ ಬೆರಳ ಇಡೋ, ಆ ಕಡೀ ತಂತೀನೂ ಒದರಾಕತ್ತೇತಿ!”