ಯಾರು ಗೆಲ್ಲುತ್ತಾರೆ?

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋಗಿ ಬಂದವರಿಗೆ ಆ ಒಂದು ಗಳಿಗೆ ಮರೆಯುವಂಥದಲ್ಲ. ಗೊರವಯ್ಯ ಬಿಲ್ಲನ್ನೇರಿ, ಆಕಾಶವನ್ನು ದಿಟ್ಟಿಸಿ, 'ಸದ್ದಲೇ' ಎನ್ನುತ್ತಲೂ ಡೆಂಕನಮರಡಿಯಲ್ಲಿ ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಸಾಲಿನ ಕಾರ್ಣಿಕ ಹೊರಬೀಳುತ್ತದೆ. ನಿಜವಾದ ಗದ್ದಲ ಆರಂಭವಾಗುವುದು ಆಮೇಲೆ. ಅದು ಮಳೆಯ ಮಾತೆಂದು ಒಬ್ಬರು, ಬೆಳೆಯ ಮಾತೆಂದು ಇನ್ನೊಬ್ಬರು, ಗದ್ದುಗೆ ಏರುವವರ ಮಾತೆಂದು ಮತ್ತೊಬ್ಬರು. ಹಡಗಲಿಯ ಬಸ್ಸಿನಲ್ಲಿ ಹುಟ್ಟಿದ ವ್ಯಾಖ್ಯಾನ ಹಗರಿಬೊಮ್ಮನಹಳ್ಳಿಯಲ್ಲಿ ಚಹಾ ಕುಡಿದು, ಕೊಟ್ಟೂರಿನಲ್ಲಿ ಹೊಸ ತಿರುವು ಪಡೆದು, ಕೂಡ್ಲಿಗಿಯನ್ನೋ ಹರಪನಹಳ್ಳಿಯನ್ನೋ ಮುಟ್ಟುವಷ್ಟರಲ್ಲಿ ಮೂಲದ ಮಾತು ಯಾವುದೆಂಬುದೇ ಮರೆತುಹೋಗಿರುತ್ತದೆ.

ಇಂಥ ಸೀಮೆಯಲ್ಲಿ ಹುಟ್ಟಿದವನು ನಾನು. ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆ ನಮಗೆ ಎಲೆಯಡಿಕೆಯಿದ್ದಂತೆ. ಊಟವಾದ ಮೇಲೆ ಇರಲೇಬೇಕು. ಆ ಚುನಾವಣೆಯಲ್ಲಿ ನಮಗೆ ಮತವಿದೆಯೋ ಇಲ್ಲವೋ ಎಂಬುದು ಗೌಣ.

1980ರ ಅಕ್ಟೋಬರ್ ತಿಂಗಳು. ಕೊಟ್ಟೂರಿನಲ್ಲಿ ನಾನು ಹೊಸದಾಗಿ ಮೇಷ್ಟ್ರಾಗಿ ಸೇರಿದ್ದೆ. ಸಂಜೆಯ ಹೊತ್ತು ವಾಚನಾಲಯದ ಕಟ್ಟೆಯ ಮೇಲೆ, ಮಂಡಕ್ಕಿ ಮಿರ್ಚಿಯ ಸಾಕ್ಷಿಯಲ್ಲಿ, ಒಂದು ವಾದ ನಡೆಯುತ್ತಿತ್ತು: ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷರಾಗಬಲ್ಲರೆ? ನಮ್ಮ ಅಡತಿ ಅಂಗಡಿಗಳ ಹಿರಿಯರೆಲ್ಲ ಒಮ್ಮತದಿಂದ ಜಿಮ್ಮಿ ಕಾರ್ಟರರ ಪಕ್ಷ. ಕಾರಣ ಕೇಳಿದರೆ ನೀವು ನಗುತ್ತೀರಿ. ಕಾರ್ಟರ್ ಜಾರ್ಜಿಯಾ ರಾಜ್ಯದ ಶೇಂಗಾ ಬೆಳೆಗಾರರು. ಶೇಂಗಾದ ಧಾರಣೆಯ ಮೇಲೆ ಬದುಕುವ ಊರಿಗೆ ಅದಕ್ಕಿಂತ ಹತ್ತಿರದ ನಂಟು ಬೇರೆ ಬೇಕೆ! ರೇಗನ್ನರಾದರೋ ಸಿನಿಮಾದಲ್ಲಿ ಕುದುರೆ ಹತ್ತಿದವರು, ಅರುವತ್ತೊಂಬತ್ತರ ವೃದ್ಧರು. ನಟನಿಗೆ ಯಾರು ಮತ ಹಾಕುತ್ತಾರೆಂದು ಒಬ್ಬರು ಮೂಗು ಮುರಿದರೆ, ಎಂ.ಜಿ.ಆರ್. 1977ರಲ್ಲಿಯೇ ಮದರಾಸಿನಲ್ಲಿ ಮುಖ್ಯಮಂತ್ರಿಯಾದದ್ದನ್ನು ಇನ್ನೊಬ್ಬರು ನೆನಪಿಸಿದರು. 1953ರವರೆಗೆ ಮದರಾಸಿಗೇ ಸೇರಿದ್ದ ನಮ್ಮ ಸೀಮೆಯಲ್ಲಿ ಆ ಮಾತಿಗೆ ತೂಕವಿತ್ತು.

ರೇಗನ್ನರನ್ನು ಪತ್ರಿಕೆಗಳು 'ಸಂಪ್ರದಾಯವಾದಿ' ಎಂದು ಕರೆಯುತ್ತಿದ್ದವು. ಈ ಶಬ್ದ ನಮ್ಮ ಕಟ್ಟೆಯ ಮೇಲೆ ಬಹಳ ತೊಂದರೆ ಕೊಟ್ಟಿತು. ನಮ್ಮಲ್ಲಿ ಸಂಪ್ರದಾಯಸ್ಥರೆಂದರೆ ಮಡಿ ಉಡುವವರು, ಏಕಾದಶಿ ಮಾಡುವವರು. ಆ ಮನುಷ್ಯರಾದರೋ ಮೊದಲ ಹೆಂಡತಿಯಿಂದ ವಿಚ್ಛೇದನ ಪಡೆದು ಎರಡನೆಯ ಮದುವೆಯಾದವರು! ಸರ್ಕಾರ ಕಡಿಮೆ, ತೆರಿಗೆ ಕಡಿಮೆ, ಸೇನೆ ಮಾತ್ರ ಹೆಚ್ಚು ಎಂಬುದು ಆ ಪಂಥದ ಅರ್ಥವೆಂದು ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಹಿರಿಯ ಮಿತ್ರರು ವಿವರಿಸಿದಾಗ, ಸರ್ಕಾರ ಕಡಿಮೆಯಾದರೆ ಪಡಿತರದ ಸಕ್ಕರೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬಂತು. ಅದೇನೂ ಹುಡುಗಾಟದ ಪ್ರಶ್ನೆಯಲ್ಲ. ಅಮೆರಿಕದವರೂ ತಮ್ಮ ತಮ್ಮಲ್ಲಿ ಅದನ್ನೇ ಬೇರೆ ಮಾತಿನಲ್ಲಿ ಕೇಳಿಕೊಳ್ಳುತ್ತಿದ್ದರು.

ಆ ಮಿತ್ರರು ಅಂದು ಹೇಳಿದ ಇನ್ನೊಂದು ಸಂಗತಿಯನ್ನು ನಾನು ಆಗ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. 1964ರಲ್ಲಿ ಇದೇ ಪಂಥದ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಪದವಿಗೆ ನಿಂತು ಐವತ್ತು ರಾಜ್ಯಗಳಲ್ಲಿ ಬರೀ ಆರನ್ನು ಗೆದ್ದರು. ಅವರ ಪರವಾಗಿ ದೂರದರ್ಶನದಲ್ಲಿ ಭಾಷಣ ಮಾಡಿದವರು ರೇಗನ್. ಅಭ್ಯರ್ಥಿ ಮುಳುಗಿದರು, ಭಾಷಣ ಮಾಡಿದವರು ಎರಡೇ ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಗವರ್ನರರಾದರು. 1980ರ ನವೆಂಬರಿನಲ್ಲಿ ಅದೇ ರೇಗನ್ ನಲವತ್ನಾಲ್ಕು ರಾಜ್ಯಗಳನ್ನು ಗೆದ್ದರು. ಟೆಹರಾನಿನಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾಗಿ ಒಂದು ವರ್ಷ ಕಳೆದಿತ್ತು, ಬೆಲೆಗಳು ಏರಿದ್ದವು. ಶೇಂಗಾದ ನಂಟು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಇಲ್ಲೊಂದು ಸಣ್ಣ ಮಾತು, ಮೈಕಿನ ಮುಂದೆ ಕುಳಿತಿರುವುದರಿಂದ ಹೇಳುತ್ತೇನೆ. ರೇಗನ್ ತಮ್ಮ ತಾರುಣ್ಯದಲ್ಲಿ ಅಯೋವಾದ ರೇಡಿಯೋದಲ್ಲಿ ಆಟದ ವೀಕ್ಷಕ ವಿವರಣೆ ಕೊಡುತ್ತಿದ್ದರು. ಎಷ್ಟೋ ಸಲ ಆಟವನ್ನೇ ನೋಡದೆ, ತಂತಿಯಲ್ಲಿ ಬಂದ ಚುಟುಕು ಸುದ್ದಿಯನ್ನು ಹಿಡಿದು ಇಡೀ ಆಟವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಿದ್ದರಂತೆ. ನಮ್ಮ ಕಟ್ಟೆಯವರಿಗೆ ಅವರು ಅಷ್ಟೇನೂ ದೂರದವರಲ್ಲ.

ಇನ್ನು ನಮ್ಮದೇ ಅಂಗಳದ ಮಾತಿಗೆ ಬರುತ್ತೇನೆ. 1999ರ ಆಗಸ್ಟ್‌ನಲ್ಲಿ ಸೋನಿಯಾ ಗಾಂಧಿ ಬಳ್ಳಾರಿಯಿಂದ ಲೋಕಸಭೆಗೆ ನಿಂತರು. ಅವರಿಗೆದುರಾಗಿ ಭಾರತೀಯ ಜನತಾ ಪಕ್ಷ ಸುಷ್ಮಾ ಸ್ವರಾಜ್ ಅವರನ್ನು ನಿಲ್ಲಿಸಿತು. ದೆಹಲಿಯ ಜಗಳ ನಮ್ಮ ಜೋಳದ ಹೊಲಕ್ಕೆ ಬಂದು ನಿಂತಿತ್ತು. ದೊಡ್ಡವರು ಕರ್ನಾಟಕಕ್ಕೆ ಬಂದು ಗೆದ್ದದ್ದು ಹೊಸತಲ್ಲ. ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೆ ಬಂದಿರಲಿಲ್ಲವೆ? ಬಳ್ಳಾರಿಯೋ 1952ರಿಂದ ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಲೋಕಸಭೆಗೆ ಕಳಿಸಿದ್ದೇ ಇಲ್ಲ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೂ ಇಲ್ಲಿಂದಲೇ ಎರಡು ಸಲ ಹೋದವರು. ಕಾಂಗ್ರೆಸ್ ಗೆಲ್ಲುವುದು ಖಂಡಿತ ಎಂದು ನನ್ನ ಸೋದರಮಾವ ಕೂಡ್ಲಿಗಿಯ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಟ್ಟರು. ಅವರು ಖಾದಿ ತೊಟ್ಟವರು. ಗಾಂಧೀಜಿಯ ಚಿತಾಭಸ್ಮವಿರುವ ಊರು ನಮ್ಮದು ಎಂದು ಸಮಯ ಬಂದಾಗಲೆಲ್ಲ ಹೇಳುವವರು.

ನಾನು ಒಪ್ಪಲಿಲ್ಲ. ನಾನು ಯಾವ ಪಕ್ಷದವನೂ ಅಲ್ಲ, ಆದರೆ ಕನ್ನಡದ ಮೇಷ್ಟ್ರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲೇ ಮಾತಾಡತೊಡಗಿದ್ದರು. ಹರಿಯಾಣದ ಹೆಣ್ಣುಮಗಳು ಉಚ್ಚಾರದಲ್ಲಿ ಎಡವದೆ ಆಡಿದ ನಾಲ್ಕು ಮಾತು ಕೇಳಿ ನಾನು ಕರಗಿಹೋಗಿದ್ದೆ. ಜನತಾ ಪರಿವಾರ ಆ ವರ್ಷವೇ ಒಡೆದಿತ್ತು. ಅದರ ಮತಗಳು ಎತ್ತ ಹರಿಯುವುವೋ ಎಂಬ ಲೆಕ್ಕವೂ ನನ್ನಲ್ಲಿತ್ತು. ಈ ಸಲ ಕಾಂಗ್ರೆಸ್ಸಿಗೆ ಸೋಲು ಎಂದೆ. ಮಾವನ ಮುಖ ಕೆಂಪಾಯಿತು. 'ಅಳಿಯಾ, ಚಪ್ಪಾಳೆ ಹೊಡದೋರೆಲ್ಲ ಓಟು ಹಾಕಂಗಿಲ್ಲ' ಎಂದವರು ಆ ರಾತ್ರಿ ನನ್ನೊಡನೆ ಊಟಕ್ಕೆ ಕೂರಲಿಲ್ಲ. ಹದಿನೈದು ದಿನ ಮಾತು ಬಿಟ್ಟರು. ಆ ದಿನಗಳಲ್ಲಿ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆ ಒಲೆ ಎರಡಾಗುವಷ್ಟು ಬಿಸಿಯಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯವರು ಮಾತ್ರ ನಿಶ್ಚಿಂತೆಯಿಂದ ಎರಡೂ ಕಡೆಗೆ ಬುದ್ಧಿ ಹೇಳುತ್ತಿದ್ದರು.

ಒಬ್ಬರು ವಿದೇಶಿ ಸೊಸೆ, ಒಬ್ಬರು ಸ್ವದೇಶಿ ಮಗಳು ಎಂಬ ಘೋಷಣೆ ಆಗ ಊರೂರಿಗೆ ಬಂದಿತ್ತು. ಇದರ ಶಕ್ತಿಯನ್ನು ನಾನು ಬಹಳ ನಂಬಿದ್ದೆ. ಅತ್ತೆ ಅಕ್ಕಿ ಆರಿಸುತ್ತ ತಲೆಯೆತ್ತದೆ ಒಂದು ಮಾತು ಅಂದರು: 'ಮಗಳು ಹಬ್ಬಕ್ಕ ಬರ್ತಾಳ, ಸೊಸಿ ಮನಿ ನಡಸ್ತಾಳ. ಓಟು ಯಾರಿಗಂತ ನೀವ ಹೇಳ್ರಿ.' ಘೋಷಣೆ ಮಾಡಿದವರ ಊರಿನಲ್ಲಿ ಸೊಸೆಯೆಂದರೆ ಹೊರಗಿನವಳಿರಬಹುದು. ನಮ್ಮಲ್ಲಿ ಬೀಗದ ಕೈ ಇರುವುದು ಸೊಸೆಯ ಸೊಂಟದಲ್ಲಿ. ಮೇಷ್ಟ್ರಾದ ನನಗೆ ಹೊಳೆಯದಿದ್ದ ಆ ಅರ್ಥ ಕೇಳಿದಾಗ ನನ್ನ ಲೆಕ್ಕದ ಒಂದು ಕಂಬ ಕುಸಿಯಿತು. ಆದರೂ ಹಟ ಬಿಡಲಿಲ್ಲ.

ಅಕ್ಟೋಬರಿನಲ್ಲಿ ಎಣಿಕೆ ಮುಗಿಯಿತು. ಸೋನಿಯಾ ಗಾಂಧಿ 4,14,650, ಸುಷ್ಮಾ ಸ್ವರಾಜ್ 3,58,550. ಅಂತರ 56,100. ನಾನು ಬಸ್ಸು ಹಿಡಿದು ಕೂಡ್ಲಿಗಿಗೆ ಹೋಗಿ, ಸೋತೆ ಎಂದು ಮಾವನ ಮುಂದೆ ಒಪ್ಪಿಕೊಂಡೆ. ಅವರು ಗೆದ್ದವರ ಹಾಗೆ ನಗಲಿಲ್ಲ. ಐವತ್ತಾರು ಸಾವಿರ, ಐವತ್ತಾರು ಸಾವಿರ ಎಂದು ಎರಡು ಸಲ ಅಂದುಕೊಂಡರು. ಅಷ್ಟು ದೊಡ್ಡ ಮನೆತನದ ಹೆಸರಿನೆದುರು, ಅಷ್ಟು ಹಳೆಯ ಕೋಟೆಯಲ್ಲಿ, ಊರಿನವರಲ್ಲದ ಒಬ್ಬರು ಕೆಲವೇ ದಿನಗಳಲ್ಲಿ ಮೂರೂವರೆ ಲಕ್ಷ ಮತ ಪಡೆದದ್ದು ಅವರ ಅನುಭವಕ್ಕೆ ತಟ್ಟಿತ್ತು. ಕೊಟ್ಟೂರಿನ ಆ ಇಂಗ್ಲಿಷ್ ಮಿತ್ರರ ಗೋಲ್ಡ್‌ವಾಟರ್ ನನಗೆ ನೆನಪಾದದ್ದು ಆಗ. ಸೋತವರ ಮತಗಳನ್ನು ನಾವು ಕಸದಂತೆ ಗುಡಿಸಿ ಎಸೆಯುತ್ತೇವೆ. ಅವು ಎಲ್ಲಿಗೂ ಹೋಗಿರುವುದಿಲ್ಲ, ಬಿತ್ತನೆಯ ಬೀಜದಂತೆ ಗಡಿಗೆಯಲ್ಲಿ ಕೂತಿರುತ್ತವೆ.

ಮುಂದಿನದು ನಿಮಗೆ ಗೊತ್ತಿರುವುದೇ. ಸೋನಿಯಾ ಅವರು ಅಮೇಠಿಯಲ್ಲೂ ಗೆದ್ದಿದ್ದರು. ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರೆಂಬುದು ಸರಿ. ಆದರೆ ಆ ದಿನ ಮಾವ ಎಷ್ಟು ಕರೆದರೂ ಅತ್ತೆ ಮತಗಟ್ಟೆಗೆ ಹೊರಡಲಿಲ್ಲ. 'ಸೊಸಿ ಅಂತ ಒಳಗ ಕರಕೊಂಡ್ವಿ. ಬೀಗದ ಕೈ ಕಟ್ಟಿಮ್ಯಾಲ ಇಟ್ಟು ಹೋದ್ಲು' ಎಂದರು. ರಾಜಕೀಯದಲ್ಲಿ ಎರಡು ಕ್ಷೇತ್ರ ಗೆದ್ದವರು ಒಂದನ್ನು ಬಿಡಲೇಬೇಕೆಂದು ಮಾವ ಕಾನೂನು ವಿವರಿಸಿದರು. ಅತ್ತೆಗೆ ಆ ಕಾನೂನು ತಿಳಿಯಲಿಲ್ಲವೆಂದು ನಾನು ಹೇಳಲಾರೆ, ಬೇಕಾಗಿರಲಿಲ್ಲ, ಅಷ್ಟೆ.

2004ರಲ್ಲಿ ಬಳ್ಳಾರಿ ಮೊದಲ ಬಾರಿಗೆ ಭಾರತೀಯ ಜನತಾ ಪಕ್ಷದ ಕೈಗೆ ಹೋಯಿತು, ಜಿ. ಕರುಣಾಕರ ರೆಡ್ಡಿಯವರು ಗೆದ್ದರು. ಅದಕ್ಕೆ ಗಣಿಯ ದುಡ್ಡು, ಜಾತಿಯ ಲೆಕ್ಕ, ಜನತಾದಳದ ಅವನತಿ ಎಂದು ನೂರು ಕಾರಣಗಳನ್ನು ಹೇಳುವವರಿದ್ದಾರೆ. ಅವರು ಹೇಳುವುದರಲ್ಲಿ ಹುರುಳಿದೆ. ನನಗೆ ಮಾತ್ರ ಕಟ್ಟೆಯ ಮೇಲಿನ ಆ ಬೀಗದ ಕೈ ಕಾಣುತ್ತದೆ.

ಸುಷ್ಮಾ ಸ್ವರಾಜ್ ಅವರು ಸೋತ ಮೇಲೂ ಹಲವು ವರ್ಷ ತಪ್ಪದೆ ಶ್ರಾವಣದಲ್ಲಿ ವರಮಹಾಲಕ್ಷ್ಮಿಯ ಪೂಜೆಗೆ ಬಳ್ಳಾರಿಗೆ ಬರುತ್ತಿದ್ದರು. ಅವರು 2019ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅತ್ತೆ ಇದ್ದಷ್ಟು ಕಾಲ ಆ ಹಬ್ಬದ ದಿನ ಸಂಜೆ ರೇಡಿಯೋ ಹತ್ತಿರ ಬಂದು ನಿಲ್ಲುವರು. ಒಮ್ಮೆ ನಾನೂ ಅಲ್ಲಿದ್ದೆ. 'ಬಂದಿದ್ಲೇನು?' ಎಂದು ಕೇಳಿದರು. ಬಂದಿದ್ದರಂತೆ ಎಂದೆ. 'ಮಗಳು ಹಬ್ಬಕ್ಕ ಬರ್ತಾಳ ಅಂತ ನಾನ ಹೇಳಿದ್ದೆ' ಎಂದು ಒಳಗೆ ಹೋದರು. 1999ರಲ್ಲಿ ತಾವು ಯಾರಿಗೆ ಮತ ಹಾಕಿದ್ದೆಂದು ಮಾವನಿಗೂ ಹೇಳಿರಲಿಲ್ಲ, ನನಗೂ ಹೇಳಲಿಲ್ಲ.