ಬಟವಾಡೆ ನಿಂತ ಮೇಲಿನ ದಿನಗಳಿಗೆ

(ನಗರಗೆರೆ ಹೋಬಳಿಯ ಹಾಲು ಉತ್ಪಾದಕರ ಸಭೆಯಲ್ಲಿ ಸಂಘವೊಂದರ ನಿವೃತ್ತ ಕಾರ್ಯದರ್ಶಿಯವರು ಮಾಡಿದ ಭಾಷಣದ ಬರಹರೂಪ)



ನಾನು ಷೇರು ಪೇಟೆಯ ಪಂಡಿತನಲ್ಲ. ಹಳ್ಳಿಯ ಸಂಘದಲ್ಲಿ ಹಾಲಿನ ಪುಸ್ತಕ ಬರೆದವನು. ಆ ಪುಸ್ತಕದಲ್ಲಿ ಲೀಟರು, ಫ್ಯಾಟು ಮಾತ್ರವಲ್ಲ, ಸದಸ್ಯರ ವಯಸ್ಸೂ ಕಾಣುತ್ತದೆ. ಹೊತ್ತಿಗೆ ಹನ್ನೆರಡು ಲೀಟರು ಹಾಕುತ್ತಿದ್ದ ಮನೆ ಎಂಟಕ್ಕೆ ಇಳಿಯುತ್ತದೆ. ಮಂಡಿನೋವು ಬಂದು ಹುಲ್ಲಿನ ಹೊರೆ ಹೊರಲಾಗದೆ ಒಂದು ಸೀಮೆ ಹಸು ಮಾರುತ್ತಾರೆ, ನಾಲ್ಕಕ್ಕೆ ಇಳಿಯುತ್ತದೆ. ಆಮೇಲೆ ಒಂದು ದಿನ ಆ ಹೆಸರಿನ ಮುಂದೆ ಬರಿಯ ಗೆರೆ. ಹಾಲು ನಿಂತಿತು, ಬಟವಾಡೆಯೂ ನಿಂತಿತು. ಸರ್ಕಾರಿ ನೌಕರರಿಗೆ ನಿವೃತ್ತಿಯ ಏರ್ಪಾಡು ಇದೆ. ನಲವತ್ತು ವರ್ಷ ಬೆಳಗಿನ ಜಾವ ಎದ್ದು ಹಾಲು ಕರೆದ ತಾಯಿಗೆ ಏನಿದೆ? ಮಕ್ಕಳು ನೋಡಿಕೊಳ್ಳುತ್ತಾರೆ ಎನ್ನುತ್ತೀರಿ. ಸಂತೋಷ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಮಗನ ಕಷ್ಟವೂ ನಿಮಗೆ ಗೊತ್ತು.

ನಮಗೆ ಒಂದು ಅನುಕೂಲವಿದೆ. ಬೆಳೆ ಬೆಳೆಯುವವನಿಗೆ ವರ್ಷಕ್ಕೆ ಒಂದೆರಡು ಸಲ ಹಣ ಬರುತ್ತದೆ. ನಮಗೆ ಹದಿನೈದು ದಿನಕ್ಕೊಮ್ಮೆ, ಸಂಬಳದ ಹಾಗೆ. ಹಣ ಬಂದ ದಿನವೇ 500 ರೂಪಾಯಿ ಬೇರೆ ಇಟ್ಟರೆ ತಿಂಗಳಿಗೆ 1,000 ಆಯಿತು. ಇದನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಪಿಪಿಎಫ್ ಖಾತೆಗೆ ಕಟ್ಟುತ್ತಾ ಹೋಗಿ. 1968ರಲ್ಲಿ ಬಂದ ಯೋಜನೆ ಇದು, ಸರ್ಕಾರದ್ದು. ಬಡ್ಡಿ ಬದಲಾಗಬಹುದು. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡ 7.1ರ ಲೆಕ್ಕದಲ್ಲೇ ಹೇಳುತ್ತೇನೆ. 45ನೇ ವಯಸ್ಸಿನಲ್ಲಿ ಶುರು ಮಾಡಿದವರಿಗೆ 60ಕ್ಕೆ ಸುಮಾರು 3 ಲಕ್ಷದ 15 ಸಾವಿರ ಸಿಗುತ್ತದೆ. 30ಕ್ಕೇ ಶುರು ಮಾಡಿ, ಹದಿನೈದು ವರ್ಷ ಮುಗಿದ ಮೇಲೂ ಐದೈದು ವರ್ಷ ಮುಂದುವರಿಸಿದವರಿಗೆ ಹತ್ತಿರಹತ್ತಿರ 12 ಲಕ್ಷ. ಕಟ್ಟಿದ್ದು ಎರಡರಷ್ಟು, ಸಿಕ್ಕಿದ್ದು ಸುಮಾರು ನಾಲ್ಕರಷ್ಟು. ಈ ಲೆಕ್ಕವನ್ನು ನಾನು ಮೂರು ಸಲ ಹಾಕಿ ನೋಡಿದೆ!

2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. 18ರಿಂದ 40 ವರ್ಷದೊಳಗಿನವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಅವಕಾಶವಿಲ್ಲ. 60ರ ನಂತರ ತಿಂಗಳಿಗೆ 5,000 ರೂಪಾಯಿ ಬೇಕಾದರೆ, 18ರಲ್ಲಿ ಸೇರಿದವರು ತಿಂಗಳಿಗೆ 210 ಕಟ್ಟಬೇಕು, 30ರಲ್ಲಿ ಸೇರಿದವರು 577, 40ರಲ್ಲಿ 1,454. ಗಂಡ ತೀರಿಕೊಂಡರೆ ಹೆಂಡತಿಗೆ ಅದೇ ಪಿಂಚಣಿ. ಮನೆಯ ಸೊಸೆಯನ್ನೂ ಮರೆಯಬೇಡಿ, ಹಾಲು ಕರೆಯುವವಳು ಅವಳೇ.

ಹಾಗಾದರೆ ಷೇರು ಯಾಕೆ ಎಂದು ಕೇಳುತ್ತೀರಿ. ಮೂವತ್ತು ವರ್ಷದ ನಂತರದ 12 ಲಕ್ಷ ಇವತ್ತಿನ 12 ಲಕ್ಷವಲ್ಲ. ಹಿಂಡಿ ಮೂಟೆಯ ಬೆಲೆ ಹೇಗೆ ಏರಿದೆಯೆಂದು ನಿಮಗೆ ನಾನು ಹೇಳಬೇಕೆ? ಬೆಲೆ ಏರಿಕೆಯನ್ನು ಮೀರಿ ಬೆಳೆಯುವ ಭಾಗವೂ ಸ್ವಲ್ಪ ಬೇಕು.

ಷೇರು ಎಂದರೆ ನಿಮಗೆ ಹೊಸದಲ್ಲ, ಸಂಘದ ಷೇರು ಪ್ರತಿಯೊಬ್ಬರ ಹತ್ತಿರ ಇದೆ. ಆದರೆ ಅದು ಬೇರೆ, ಕಂಪನಿಯ ಷೇರು ಬೇರೆ. ಸಂಘದಲ್ಲಿ ಎಷ್ಟು ಷೇರು ಇದ್ದರೂ ಒಬ್ಬರಿಗೆ ಒಂದೇ ಓಟು, ಬೋನಸ್ಸು ಹಾಕಿದ ಹಾಲಿನ ಮೇಲೆ. ಕಂಪನಿಯಲ್ಲಿ ಷೇರಿಗೊಂದು ಓಟು, ಬೆಲೆ ದಿನದಿನಕ್ಕೂ ಬೇರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಸೋಲುವುದು ಬೆಲೆ ಇಳಿಯಿತೆಂದು ಮಾತ್ರವಲ್ಲ, ಕಾಯಲು ಆಗುವುದಿಲ್ಲವೆಂದು. ಚಿಟ್ಟೆ ಗೂಡು ಸೀಳಿ ಬರುವ ಮೊದಲು ಮಾರಲೇಬೇಕು. ಚಿಂತಾಮಣಿಯ ಟೊಮೇಟೊ ಬೆಳೆಗಾರನ ಪಾಡೂ ಅದೇ. ಷೇರಿಗೆ ಕೊಳೆಯುವ ಗುಣವಿಲ್ಲ. ಹಣದ ಅವಸರವಿಲ್ಲದವನು ಕಾಯಬಹುದು, ಅವಸರವಿದ್ದವನು ಗೂಡಿನ ರೈತನ ಹಾಗೆ ಸಿಕ್ಕಿದ ಬೆಲೆಗೆ ಕೊಡಬೇಕು.

2020ರ ಜನವರಿಯಲ್ಲಿ ಮುಂಬಯಿ ಸೂಚ್ಯಂಕ 42,000 ಮುಟ್ಟಿತ್ತು. ಕೊರೊನಾ ಬಂದು ಮಾರ್ಚಿಯಲ್ಲಿ 26,000ಕ್ಕಿಂತ ಕೆಳಗೆ ಬಿತ್ತು. ಮಗಳ ಮದುವೆ ಹಣ ಅಲ್ಲಿಟ್ಟವನು ಏಪ್ರಿಲ್‌ನಲ್ಲಿ ಅಳಬೇಕಾಯಿತು. ಸುಮ್ಮನಿದ್ದವನಿಗೆ ಆ ವರ್ಷದ ನವೆಂಬರಿಗೆ ಹಳೆಯ ಮಟ್ಟ ಮತ್ತೆ ಸಿಕ್ಕಿತು. ಪ್ರತಿ ಸಲವೂ ಇಷ್ಟು ಬೇಗ ಏಳುವುದಿಲ್ಲ. 2008ರ ಜನವರಿಯಲ್ಲಿ 21,000 ಇದ್ದದ್ದು ಅಕ್ಟೋಬರ್ ಹೊತ್ತಿಗೆ 9,000ಕ್ಕಿಂತ ಕೆಳಗಿಳಿದು, ಮೇಲೆ ಬರಲು ಎರಡು ವರ್ಷ ಹಿಡಿಯಿತು. ಅದಕ್ಕೇ ಹತ್ತು ವರ್ಷ ಕೈ ಹಾಕದ ಹಣವನ್ನಷ್ಟೇ ಇಡಿ. ಹಸು ಮಾರಿದ ಹಣ, ಸಾಲ ತಂದ ಹಣ ಖಂಡಿತ ಬೇಡ.

ಎಲ್ಲರೂ ಇನ್ಫೋಸಿಸ್ ಕಥೆ ಹೇಳುತ್ತಾರೆ. 1993ರಲ್ಲಿ ಷೇರಿಗೆ 95 ರೂಪಾಯಿ, ಕೊಳ್ಳುವವರೇ ಸಾಕಷ್ಟು ಬರಲಿಲ್ಲ. ನೂರು ಷೇರು ಕೊಂಡು ಸುಮ್ಮನಿದ್ದವರದು ಇವತ್ತು ಕೋಟಿಗಳ ಲೆಕ್ಕ. ನಿಜ. ಆದರೆ ಆ ವರ್ಷಗಳಲ್ಲೇ ಜನರ ಹಣ ಎತ್ತಿ ವಿಳಾಸವಿಲ್ಲದೆ ಹೋದ ಕಂಪನಿಗಳ ಕಥೆ ಯಾರೂ ಹೇಳುವುದಿಲ್ಲ. ನಾನೂ ಆಗ ತೇಗದ ತೋಟದ ಕಂಪನಿಯೊಂದಕ್ಕೆ 2,000 ರೂಪಾಯಿ ಕಟ್ಟಿದ್ದೆ, ಇಪ್ಪತ್ತು ವರ್ಷಕ್ಕೆ ಲಕ್ಷವಂತೆ. ಬಣ್ಣದ ರಸೀದಿ ಇನ್ನೂ ಟ್ರಂಕಿನಲ್ಲಿದೆ. ಮರ ಎಲ್ಲಿದೆಯೋ ತಿಳಿಯದು.

ಆದ್ದರಿಂದ ಒಂದು ಕಂಪನಿಯನ್ನು ನಂಬಿ ಕೂರಬೇಡಿ. ಇಂಡೆಕ್ಸ್ ಫಂಡ್ ಎಂಬುದಿದೆ. ಐವತ್ತು ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಂಡ ಹಾಗೆ. ಕೊಟ್ಟಿಗೆಯಲ್ಲಿ ಒಂದು ಹಸು ಗಬ್ಬದಲ್ಲಿ ಬತ್ತಿದರೆ ಇನ್ನೊಂದು ಕರೆಯುತ್ತದಲ್ಲ, ಹಾಗೆ. ಇದು ಸೆಬಿ ಹತೋಟಿಯಲ್ಲಿರುವ ಮ್ಯೂಚುವಲ್ ಫಂಡ್. ಆದರೂ ಇಷ್ಟೇ ಸಿಗುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ಬೇರೆ ಇಡುವ 1,000ದಲ್ಲಿ 700 ಪಿಪಿಎಫ್‌ಗೆ ಅಥವಾ ಪಿಂಚಣಿಗೆ ಹೋಗಲಿ, 300 ಇಲ್ಲಿಗೆ ಸಾಕು. 55 ದಾಟಿದವರಿಗೆ ಷೇರಿನ ಉಸಾಬರಿಯೇ ಬೇಡವೆಂಬುದು ನನ್ನ ಅಭಿಪ್ರಾಯ.

ಹಿಂದಿನ ಸಾಲಿನಲ್ಲಿ ಮೊಬೈಲು ಹಿಡಿದಿರುವ ಹುಡುಗರಿಗೂ ಒಂದು ಮಾತು. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ಫ್ಯೂಚರ್ಸ್, ಆಪ್ಷನ್ಸ್ ಆಟ ನಿಮ್ಮಲ್ಲಿ ಕೆಲವರು ಆಡುತ್ತಿದ್ದೀರಿ, ನನಗೆ ಗೊತ್ತು. ಮೂರು ವರ್ಷದ ವ್ಯವಹಾರ ನೋಡಿ ಸೆಬಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೀಗೆ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಅಪ್ಪ ಸಾವಿರ ಅಡಿ ಕೊರೆಸಿ ಧೂಳು ನೋಡಿದ್ದು ಸಾಲದೆ?

ಕೊನೆಗೆ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಪಾಸ್‌ಪುಸ್ತಕಗಳನ್ನೆಲ್ಲ ತೆಗೆದು, ನಾಮಿನಿಯಾಗಿ ಯಾರ ಹೆಸರಿದೆ ನೋಡಿ. ಸಂಘದ ಷೇರಿಗೂ ನಾಮಿನಿ ಬೇಕು. ತೀರಿಹೋದ ತಂದೆಯ ಹೆಸರೇ ಇನ್ನೂ ಇದ್ದರೆ ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಯವರನ್ನು ಕೇಳಿ, ಅರ್ಜಿ ಬರೆದುಕೊಡುತ್ತಾರೆ.